ಮಾಚು ಪಿಚುವಿಗೆ ಕೆಳದಾರಿಯ ಟಿಕೆಟ್

ಅಕ್ಕ ಆರು ವರ್ಷ ಅಮೆರಿಕದಿಂದ ಹೊರಗೆ ಕಾಲಿಟ್ಟಿರಲಿಲ್ಲ. ಜೈಲಿನಲ್ಲಿದ್ದಳೆಂದು ತಿಳಿಯಬೇಡಿ, ಕಮ್ಮಿಂಗ್ ಎಂಬ ಊರಿನಲ್ಲಿ ನಾಲ್ಕು ಬೆಡ್‌ರೂಮಿನ ಹೊಸ ಮನೆಯಲ್ಲಿದ್ದಳು. ಹೊರಗೆ ಹೋದರೆ ವೀಸಾ ಸ್ಟಾಂಪಿಂಗ್‌ನಲ್ಲಿ ಸಿಕ್ಕಿಕೊಂಡು ವಾಪಸ್ ಬರಲಾಗದಿದ್ದರೆ ಎಂಬ ಭಯ. ಆ ಭಯಕ್ಕೆ ನಮ್ಮವರಲ್ಲಿ ಮನೆದೇವರಷ್ಟೇ ಮರ್ಯಾದೆ. ಅಷ್ಟೂ ವರ್ಷ ಅವಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಇದ್ದದ್ದು ಒಂದೇ ಚಿತ್ರ, ಪೆರು ದೇಶದ ಮಾಚು ಪಿಚು: ಇಂಕಾ ಜನ ಕಟ್ಟಿ ಬಿಟ್ಟುಹೋದ ಕಲ್ಲಿನ ಊರು, ಅದರ ಹಿಂದೆ ಮೂಗಿನಂತೆ ಎದ್ದುನಿಂತ ಬೆಟ್ಟ. ಗ್ರೀನ್ ಕಾರ್ಡ್ ಕೈಗೆ ಬಂದ ದಿನ ಅವಳು ಹೇಳಿದ್ದೂ ಒಂದೇ ಮಾತು.

"ಈ ಫೋಟೋ ತೆಗೆದೋನು ಎಲ್ಲಿ ನಿಂತಿದ್ನೋ, ನಾನು ಅಲ್ಲೇ ನಿಂತ್ಕೋಬೇಕು."

ಭಾವ ಕೂಡಲೇ ಸ್ಪ್ರೆಡ್‌ಶೀಟ್ ತೆರೆದರು. ಹಲ್ಲುಜ್ಜುವುದಕ್ಕೂ ಸ್ಪ್ರೆಡ್‌ಶೀಟ್ ತೆರೆಯುವ ಮನುಷ್ಯ ಅವರು. ವಿಮಾನ, ರೈಲು, ಹೋಟೆಲು, ಪುಳಿಯೋಗರೆ ಗೊಜ್ಜಿನ ತೂಕ, ಎಲ್ಲದರ ಮುಂದೆ ಅವರದೇ ಹೆಸರು. ನನಗೆ ಒಂದು ಸಾಲು ದಯಪಾಲಿಸಿದರು: ಒಳಗೆ ಹೋಗುವ ಟಿಕೆಟ್. ಲಾಂಗ್ ವೀಕೆಂಡ್ ಬಂದಾಗಲೆಲ್ಲ ತಾನಿರುವ ರಾಲಿಯಿಂದ ಆರೇಳು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಅಕ್ಕನ ಸಾರು ಖಾಲಿ ಮಾಡಿ ಹೋಗುವ ತಮ್ಮನಿಗೂ ಒಂದು ಜವಾಬ್ದಾರಿ ಇರಲಿ ಎಂದು.

ಟಿಕೆಟ್ ತೆಗೆಯುವಾಗ ನಾನು ಗೆಳೆಯನಿಗೆ ಫೋನಿನಲ್ಲಿ ಭಾವನ ದನಿ ಮಾಡಿ ತೋರಿಸುತ್ತಿದ್ದೆ. "ಸೋ ಗಾಯ್ಸ್, ಆಕ್ಷನ್ ಐಟಂ ನಂಬರ್ ತ್ರೀ..." ಅತ್ತ ಅವನು ಬಿದ್ದು ಬಿದ್ದು ನಗುತ್ತಿದ್ದ, ಇತ್ತ ವೆಬ್‌ಸೈಟಿನ ಗಡಿಯಾರ ಸೊನ್ನೆಯ ಕಡೆಗೆ ಓಡುತ್ತಿತ್ತು. ಮಾಚು ಪಿಚುವಿನಲ್ಲಿ ಮನಸ್ಸಿಗೆ ಬಂದಂತೆ ಅಲೆಯುವ ಹಾಗಿಲ್ಲ. ಮೇಲಿನ ದಾರಿಗೊಂದು ಟಿಕೆಟ್, ಕೆಳಗಿನದಕ್ಕೊಂದು. ಇದರಿಂದ ಅದಕ್ಕೆ ದಾಟುವಂತಿಲ್ಲ. ಅಕ್ಕನ ಜಾಗ ಇರುವುದು ಮೇಲೆ. ನಾನು ಒತ್ತಿದ್ದು ಕೆಳಗಿನದನ್ನು. ಮೂರು ದಿನ ಕಳೆದು ನನಗೆ ಜ್ಞಾನೋದಯವಾಗುವಷ್ಟರಲ್ಲಿ ಮೇಲ್ದಾರಿಯ ಟಿಕೆಟ್ಟೆಲ್ಲ ಖರ್ಚಾಗಿತ್ತು.

ಆಗಲೇ ಹೇಳಬಹುದಿತ್ತು. ಆದರೆ ನಾನು "ಹೋದ್ಮೇಲೆ ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂಬ ಮಂತ್ರ ಕೇಳುತ್ತಲೇ ಬೆಳೆದವನು. ಊರಿನ ರೈಲಿನ ಬರ್ತಿನಿಂದ ಹಿಡಿದು ಅಮೆರಿಕದ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್‌ವರೆಗೆ ನಮ್ಮವರು ಅಡ್ಜಸ್ಟ್ ಮಾಡಿಸಿಕೊಳ್ಳದ ಜಾಗ ಯಾವುದಿದೆ? ಇಂಕಾದವರು ಯಾವ ಮಹಾ?

ಮೊದಲು ಕುಸ್ಕೋ ಪಟ್ಟಣ. ಅಲ್ಲಿಯ ಎತ್ತರಕ್ಕೆ ಉಸಿರು ಸಾಲದೆ ಭಾವ ಎರಡು ದಿನ ಹಾಸಿಗೆ ಹಿಡಿದರು. ಮಲಗಿದಲ್ಲೇ ಸ್ಪ್ರೆಡ್‌ಶೀಟಿನಲ್ಲಿ "ವಿಶ್ರಾಂತಿ" ಎಂದು ಹೊಸ ಸಾಲು ಸೇರಿಸಿದರು. ಅಲ್ಲಿಂದ ರೈಲು, ರೈಲಿಳಿದ ಊರಿನಿಂದ ಬಸ್ಸು. ಕೊನೆಗೂ ಗೇಟು ದಾಟಿ ದಾರಿ ಕವಲೊಡೆಯುವಲ್ಲಿಗೆ ಬಂದೆವು. ಅಕ್ಕ ಮೇಲಕ್ಕೆ ಹೆಜ್ಜೆಯಿಟ್ಟಳು. ಗಾರ್ಡ್ ಹೆಂಗಸು ಟಿಕೆಟ್ ನೋಡಿ ಕೆಳಕ್ಕೆ ಕೈ ತೋರಿಸಿದಳು.

ಭಾವ ಮುಂದೆ ಬಂದರು. "ಮೇಡಂ, ಜಸ್ಟ್ ಫೈವ್ ಮಿನಿಟ್ಸ್. ಮೈ ವೈಫ್. ಸಿಕ್ಸ್ ಇಯರ್ಸ್!" ಮೊದಲು ಐದು ಬೆರಳು ತೋರಿಸಿದರು, ಆಮೇಲೆ ಆರು. ಗಾರ್ಡ್ ತಲೆಯಾಡಿಸಿದಳು. ನಮ್ಮ ಹಾಗೆ ಹೌದೋ ಅಲ್ಲವೋ ತಿಳಿಯದಂತಲ್ಲ, ಅಪ್ಪಟ ಇಲ್ಲ.

"ಏನೋ ಇದು?" ಅಕ್ಕ ನನ್ನ ಕಡೆ ತಿರುಗಿದಳು.

"ವೆಬ್‌ಸೈಟ್ ಪ್ರಾಬ್ಲಂ ಅಕ್ಕಾ," ಎಂದೆ. ಎಂದವನು ಸುಮ್ಮನಿರದೆ, ಗಾರ್ಡ್ ಹೆಂಗಸಿನ ಹಾಗೆ ಗಲ್ಲ ಎತ್ತಿ, ಕೈ ತೋರಿಸಿ ನಕಲು ಮಾಡಿದೆ. ನನ್ನ ಯಾವ ನಕಲಿಗೂ ಮೊದಲು ನಗುವವಳು ಅಕ್ಕ. ಈ ಸಲ ಅವಳು ನನ್ನನ್ನು ನೋಡಲೇ ಇಲ್ಲ. ಮೇಲೆ, ಹುಲ್ಲಿನ ಕಟ್ಟೆಯ ಅಂಚಿನಲ್ಲಿ, ಹಳದಿ ಟೋಪಿಯ ಹುಡುಗಿಯೊಬ್ಬಳು ಎರಡೂ ಕೈ ಚಾಚಿ ಫೋಟೋ ತೆಗೆಸಿಕೊಳ್ಳುತ್ತಿದ್ದಳು.

"ಅದೇ ಅಲ್ವಾ ಆ ಜಾಗ?" ಎಂದಳು ಅಕ್ಕ, ಮೆಲ್ಲಗೆ.

ಇನ್ನು ತಡೆಯಲಾಗಲಿಲ್ಲ. "ನಾನೇ ತಪ್ಪು ಒತ್ತಿದ್ದು. ಹೊರಡೋಕೆ ಮೊದ್ಲೇ ಗೊತ್ತಿತ್ತು."

"ಕತ್ತೆ," ಎಂದಳು. ಹಳದಿ ಟೋಪಿಯ ಕಡೆಯಿಂದ ಕಣ್ಣು ಕಿತ್ತು, "ಆರು ವರ್ಷದಲ್ಲಿ ಒಂದು ಫಾರಂನಲ್ಲೂ ಒಂದಕ್ಷರ ತಪ್ಪು ಬರ್ದಿಲ್ಲ ಕಣೋ ನಾನು. ನಿಂಗೆ ಕೊಟ್ಟಿದ್ದು ಒಂದು ಬಟನ್."

ಕೆಳದಾರಿಯನ್ನು ಮೂವರೂ ಮುಗಿಸಿದೆವು. ಜಗತ್ತಿನ ಅದ್ಭುತವೊಂದನ್ನು ಸಾವಿನ ಮನೆಗೆ ಹೋದವರಂತೆ ನೋಡಿ ಬಂದ ಕೀರ್ತಿ ನಮ್ಮದು. ಹೊರಬಾಗಿಲಲ್ಲಿ ಯಾರದೋ ಗೈಡ್ ಒಬ್ಬ, ಕೆಳಗಿನ ಊರಿನ ಕೌಂಟರಿನಲ್ಲಿ ಮರುದಿನಕ್ಕೆ ಒಂದಿಷ್ಟು ಟಿಕೆಟ್ ಕೊಡುತ್ತಾರೆ ಎಂದ.

"ಆದ್ರೆ ಸಂಜೆ ಟ್ರೇನ್ ಇದೆ," ಎಂದರು ಭಾವ.

"ಹೋಗ್ಲಿ ಬಿಡಿ ಟ್ರೇನು. ನಾನು ಹೋಗಲ್ಲ." ಅಕ್ಕ ತನ್ನ ಪಾಸ್‌ಪೋರ್ಟ್ ತೆಗೆದು ನನ್ನ ಎದೆಗೆ ಒತ್ತಿದಳು. "ಹೋಗು, ಕ್ಯೂ ನಿಲ್ಲು."

ಇದಕ್ಕೆ ಸ್ಪ್ರೆಡ್‌ಶೀಟಿನಲ್ಲಿ ಸಾಲಿರಲಿಲ್ಲ.

ಮಧ್ಯಾಹ್ನವಿಡೀ ನಿಂತೆ. ಮುಂದಿನವನ ಹತ್ತಿರ "ಸ್ವಲ್ಪ ಅಡ್ಜಸ್ಟ್" ಎನ್ನುವ ಆಸೆ ನಾಲಿಗೆಯ ತುದಿಗೆ ಬಂದು ಎರಡು ಸಲ ವಾಪಸ್ ಹೋಯಿತು. ನನ್ನ ಸರದಿ ಬಂದಾಗ ಮೇಲ್ದಾರಿಗೆ ಉಳಿದದ್ದು ಒಂದೇ ಟಿಕೆಟ್. ಪಾಸ್‌ಪೋರ್ಟಿನ ನಂಬರನ್ನು ಮೂರು ಸಲ ಓದಿ ಹೇಳಿದೆ. ಟಿಕೆಟ್ ಕೈಗೆ ಬಂದ ಮೇಲೆ ಇನ್ನೊಮ್ಮೆ ಓದಿದೆ.

ಮರುದಿನ ಬೆಳಗ್ಗೆ ಅಕ್ಕ ಒಬ್ಬಳೇ ಬಸ್ ಹತ್ತಿ ಹೋದಳು. ನಾನೂ ಭಾವನೂ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕುಳಿತೆವು.

"ನೀನು ನನ್ ವಾಯ್ಸ್ ಮಾಡ್ತೀಯಂತೆ," ಎಂದರು ಭಾವ.

"ಯಾರು ಹೇಳಿದ್ದು?"

"ಇಡೀ ಕಮ್ಮಿಂಗ್. ಮಾಡು ನೋಡೋಣ."

ಮಾಡಿದೆ. ಅವರು ಆಡಿಟ್ ಮಾಡುವವರ ಹಾಗೆ ಕೊನೆಯವರೆಗೂ ಕೇಳಿದರು. "ನಾನು ಇಷ್ಟೊಂದು 'ಸೋ' ಅಂತೀನಾ?"

"ನಾನು ಕಮ್ಮಿ ಮಾಡಿದೀನಿ ಭಾವ."

ನಾಲ್ಕು ಗಂಟೆ ಕಳೆದು ಅಕ್ಕ ಬಸ್ಸಿನಿಂದ ಇಳಿದಳು. ಬಿಸಿಲಿಗೆ ಮೂಗು ಸುಟ್ಟಿತ್ತು.

"ನಿಂತ್ಯಾ?" ಎಂದೆ.

"ನಿಂತೆ. ಮುಂದೆ ಹೋಗು ಅಂತ ಗಾರ್ಡ್ ಬಂದು ಸೀಟಿ ಊದೋವರ್ಗೂ ನಿಂತೆ."

"ನಮ್ಮನ್ನ ಮಿಸ್ ಮಾಡ್ಕೊಂಡ್ಯಾ?" ಭಾವ ಕೇಳಿದರು.

ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. ನಮಗೆ ಬೇಜಾರಾಗಬಾರದೆಂದು ನಿಜವಾಗಿಯೂ ನೆನಪಿಸಿಕೊಳ್ಳಲು ಯತ್ನಿಸಿದಳು ಎಂದೇ ನಾನು ನಂಬಿದ್ದೇನೆ.

"ಇಲ್ಲ," ಎಂದಳು. "ಒಂದ್ಸಲಾನೂ ಇಲ್ಲ."