ಯಾರನ್ನೂ ಹೆಸರು ಹಿಡಿದು ಕರೆಯದ ಮಾರೆಕ್ಕ

ರಾಯದುರ್ಗದ ಕೋಟೆ ಬುಡದ ಕೇರಿಯ ಮಾರೆಕ್ಕ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆತ್ತ ಮಗ ಹೊಲದಲ್ಲಿದ್ದರೆ ಊಟದ ಹೊತ್ತಿಗೆ ಅಲ್ಲಿಯ ತನಕ ನಡೆದುಹೋಗಿ ಭುಜ ಮುಟ್ಟುತ್ತಿದ್ದಳು. ಜಂಬದ ಹೆಂಗಸು ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಮೂಳೆ ಇದೆಯೇ?

ಹರೆಯದಲ್ಲಿ ಅವಳ ದನಿಯೇ ಅವಳ ಕೆಲಸವಾಗಿತ್ತು. ಮದರಾಸಿನ ಸರ್ಕಾರ ಬಂದು ತಲೆಮಾರುಗಳು ಕಳೆದಿದ್ದರೂ ಸೂರಪ್ಪ ನಾಯಕರ ಮನೆಯಲ್ಲಿ ಪಾಳೆಯಗಾರರ ಗತ್ತು ಇಳಿದಿರಲಿಲ್ಲ. ಚಿಗರಿ ಜಿಂಕೆಯ ಬೇಟೆಗೆ ಅವರಿಗೆ ಪಳಗಿಸಿದ ಸಿವಂಗಿಯೇ, ಈಗ ಚೀತಾ ಎನ್ನುತ್ತಾರಲ್ಲ ಅದೇ, ಆಗಬೇಕು. ಬಯಲಿನಲ್ಲಿ ಹಿಡಿದ ಸಿವಂಗಿಯ ಕಣ್ಣಿಗೆ ಚರ್ಮದ ಕುಲಾವಿ ಕಟ್ಟಿ, ಬೀದಿಯಲ್ಲಿ ಮಂಚಕ್ಕೆ ಬಿಗಿಯುತ್ತಿದ್ದರು. ಪಕ್ಕದಲ್ಲಿ ಹೆಂಗಸೊಬ್ಬಳು ಕೂತು ಹಗಲೆಲ್ಲ ಅದರೊಡನೆ ಮಾತಾಡಬೇಕು. ಕೇಳಿ ಕೇಳಿ ಅದಕ್ಕೆ ಮನುಷ್ಯರ ಹೆದರಿಕೆ ಹೋಗಬೇಕು.

ಮಾರೆಕ್ಕನ ಪಾಲಿಗೆ ಬಂದದ್ದು ಒಂದು ಹೆಣ್ಣು ಸಿವಂಗಿ. ಚಿರತೆಯ ದಪ್ಪ ಕತ್ತು ಅದಕ್ಕಿಲ್ಲ. ಸಣ್ಣ ತಲೆ, ಒಳಸರಿದ ಹೊಟ್ಟೆ, ಉದ್ದ ಕಾಲು, ನಾಯಿಯಂತೆ ಹೊರಗೇ ಇರುವ ಉಗುರು. ಕುಲಾವಿ ತೆಗೆದ ದಿನ ಕಣ್ಣಿನಿಂದ ಬಾಯಿಯ ತನಕ ಇಳಿದ ಕರಿಗೆರೆ ಕಂಡು, "ಅತ್ತು ಅತ್ತು ಕಾಡಿಗಿ ಇಳದೈತಲ್ಲವ್ವ" ಎಂದಳು. ಚೆನ್ನಿ ಎಂದು ಹೆಸರಿಟ್ಟಳು. ಜೋಳ ಹಸನು ಮಾಡುತ್ತ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅದಕ್ಕೇ ಹೇಳಿದಳು. ಅದು ಗರ್ಜಿಸುತ್ತಿರಲಿಲ್ಲ. ಹೆಸರು ಕರೆದರೆ ಹಕ್ಕಿಮರಿಯಂತೆ ಚಿಂವ್ ಎನ್ನುತ್ತಿತ್ತು.

ಒಂದು ಬೇಟೆಯಲ್ಲಿ ಚಿಗರಿಯ ಹಿಂದೆ ಓಡಿದ ಚೆನ್ನಿ ತಿರುಗಿ ಬರಲಿಲ್ಲ. ತೋಳ ತಿಂದ ಕುರಿಗಳನ್ನೂ ಜನ ಅದರ ತಲೆಗೇ ಕಟ್ಟಿದರು. ನಾಯಕರು ಮಾರೆಕ್ಕನನ್ನು ಬಯಲಿಗೆ ಕರೆದೊಯ್ದರು. ಜೊತೆಗೆ ಬಂದೂಕು ಹಿಡಿದ ನೆಂಟನೊಬ್ಬ.

"ಕರೀ ಮಾರೆಕ್ಕ. ನಿನ್ ದನಿಗಾದ್ರ ಬರ್ತೈತಿ."

"ಹಗ್ಗ ಹಾಕಿ ಹಿಡೀತೀರಿ, ಹೌದಲ್ರಿ ಧಣಿ?"

"ಹಗ್ಗಾನ. ಮತ್ತೇನು?"

ಅವಳು ಕರೆದಳು. ಒಣಹುಲ್ಲಿನ ನಡುವಿನಿಂದ ಚೆನ್ನಿ ಎದ್ದಿತು. ಗಾಳಿಯನ್ನೇ ಹಿಂದೆ ಹಾಕುವ ಪ್ರಾಣಿ ಅಂದು ಓಡಲಿಲ್ಲ. ಚಿಂವ್ ಎನ್ನುತ್ತ, ಮನೆಗೆ ಬರುವ ಹಾಗೆ ನಡೆದು ಬಂತು. ಗುಂಡು ತಾಗಿದಾಗಲೂ ಅದರ ಮುಖ ಅವಳ ಕಡೆಗೇ ಇತ್ತು. ಅವರು ಹಗ್ಗವನ್ನೇ ತಂದಿರಲಿಲ್ಲ.

ಅಂದಿನಿಂದ ಆ ದನಿ ಯಾರನ್ನೂ ಕರೆಯಲಿಲ್ಲ. ಹೊಲದಲ್ಲಿ ಹಕ್ಕಿ ಉಲಿದರೆ ಕಿತ್ತ ಕಳೆ ಕೈಯಲ್ಲಿ ಹಿಡಿದೇ ನಿಂತುಬಿಡುತ್ತಿದ್ದಳು. ಬರಬರುತ್ತ ಬಯಲೆಲ್ಲ ಹೊಲವಾಗಿ ಚಿಗರಿಗಳು ಕಡಿಮೆಯಾದವು, ಸಿವಂಗಿಗಳು ಇಲ್ಲವೇ ಆದವು. ಮುಪ್ಪಿನಲ್ಲಿ ಅವಳ ಕಿವಿ ಪೂರ್ತಿ ಕೆಟ್ಟಿತು. ಸದ್ಯ, ಹಕ್ಕಿಯ ದನಿ ಕೇಳದೆ ಇನ್ನಾದರೂ ಮುದುಕಿಗೆ ನೆಮ್ಮದಿ ಎಂದು ಕೇರಿಯವರು ಅಂದುಕೊಂಡರು.

ಒಂದು ಮಧ್ಯಾಹ್ನ ಸೊಸೆ ಗಂಜಿ ತಂದಾಗ ಮಾರೆಕ್ಕ ಮಂಚದ ಅಂಚಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಮಲಗಿದ್ದಳು. ಆ ಬರಿಜಾಗವನ್ನು ಕೈ ಸವರುತ್ತಿತ್ತು. ಯಾರು ಬಂದಿದ್ದಾರೆ ಎಂದು ಸೊಸೆ ಸನ್ನೆಯಲ್ಲೇ ಕೇಳಿದಳು.

ಮುದುಕಿ ಬೆದರಿದಳು. "ನಾ ಕರ್ದಿಲ್ಲವ್ವ. ನಿನ್ನಾಣಿ, ನಾ ಕರ್ದಿಲ್ಲ. ತಾನಾ ಬಂದೈತಿ." ಆಮೇಲೆ ದನಿ ತಗ್ಗಿಸಿ, "ಬಾಗ್ಲಾ ಹಾಕು. ಯಾರಿಗೂ ಹೇಳಬ್ಯಾಡ" ಎಂದಳು.

ಸೊಸೆ ಗಂಜಿ ಕೆಳಗಿಟ್ಟು, ಹೋಗಿ ಬಾಗಿಲು ಹಾಕಿದಳು.