ಎರಡು ಹೊಸ್ತಿಲುಗಳ ನಡುವಿನ ಬೀಡಿನ ಪೈಪು

ಸಾವಿರದ ಒಂಬೈನೂರ ಎಂಬತ್ತೇಳೋ ಎಂಬತ್ತೆಂಟೋ, ಇಸವಿ ಸರಿಯಾಗಿ ನೆನಪಿಲ್ಲ. ಆಗ ನಾನು ಚಿಕ್ಕೋಡಿಯಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸುವ ಗೌಂಡಿ. ಊರು ಸದಲಗಾ, ಕಲಿತದ್ದು ನಾಲ್ಕನೇ ಇಯತ್ತೆ. ಮೊನ್ನೆ ನನ್ನ ಮೊಮ್ಮಗಳು ನಾನೇ ಹಾಸಿದ ಅಂಗಳದಲ್ಲಿ ಗೋಡೆ ಬಿಟ್ಟು ಒಬ್ಬಳೇ ನಡೆದಳು! ಬಿದ್ದಳು, ಎದ್ದಳು, ನಕ್ಕಳು. ಓಣಿಯಲ್ಲಿ ಸಿಕ್ಕವರಿಗೆಲ್ಲ ಪೇಢಾ ಹಂಚಿದೆ, ಆದರೂ ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಇನ್ನೊಬ್ಬರ ನಡಿಗೆಗೆಂದು ಹಾಸಿದ ಫರಸಿಯ ವಿಷಯ ಬರೆಯಲು ಕೂತೆ. ಕೆಲಸದಲ್ಲಿ ನನ್ನ ತಲೆ ಅಷ್ಟು ಗೊಂದಲಕ್ಕೆ ಬಿದ್ದದ್ದು ಮತ್ತೆಲ್ಲೂ ಇಲ್ಲ.

ಕೆಲಸ ಬಾಳಪ್ಪನವರ ಮನೆಯದು. ಅವರೂ ತಮ್ಮ ರಾಯಪ್ಪನೂ ವಾಟ್ನಿ, ಅಂದರೆ ಆಸ್ತಿ ಪಾಲು, ಮಾಡಿಕೊಂಡು ಇದ್ದ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಮಾತೂ ಬಿಟ್ಟಿದ್ದರು. ಹಿತ್ತಲು ಮಾತ್ರ ಒಂದಾಗಿಯೇ ಉಳಿದಿತ್ತು. ಎರಡೂ ಮನೆಯ ಹಿಂಬಾಗಿಲು ಅದಕ್ಕೇ ತೆರೆಯುತ್ತಿದ್ದವು. ತಾಯಿ ಗಂಗವ್ವ ಒಂದು ತಿಂಗಳು ಹಿರಿಯವರಲ್ಲಿ, ಒಂದು ತಿಂಗಳು ಕಿರಿಯವನಲ್ಲಿ ಇರುತ್ತಿದ್ದರು. ಅಮಾವಾಸ್ಯೆಗೆ ಪಾಳಿ ಬದಲು. ಸೀರೆಯ ಗಂಟು ಬಗಲಲ್ಲಿಟ್ಟುಕೊಂಡು ಈ ಹಿಂಬಾಗಿಲಿನಿಂದ ಹೊರಟು ಆ ಹಿಂಬಾಗಿಲು ಸೇರುವುದು.

ಆ ದಾರಿಯಲ್ಲೇ ಪೈಪುಗಳು. ಬಾಳಪ್ಪನವರ ಅಡುಗೆಮನೆಯದೂ ಬಚ್ಚಲದೂ ಸಿಮೆಂಟಿನವು, ನೆಲದೊಳಗೆ ಹೋಗಿದ್ದವು. ಮೂರನೆಯದು ಬೀಡಿನ ಪೈಪು, ಅಂದರೆ ಎರಕದ ಕಬ್ಬಿಣದ್ದು. ಎರಡು ಬಾಗಿಲುಗಳ ನಡುವೆ ಗೋಡೆಯ ಬುಡದಿಂದ ಹೊರಬಿದ್ದು, ನೆಲದ ಮೇಲೇ ಅಡ್ಡ ಮಲಗಿ, ಗಟಾರ ಸೇರಿತ್ತು. ಹಿಂದಿನ ಅಮಾವಾಸ್ಯೆಗೆ ರಾಯಪ್ಪನ ಕಡೆ ಹೋಗುವಾಗ ಗಂಗವ್ವ ಅದಕ್ಕೇ ಎಡವಿ ಬಿದ್ದು ಹಾಸಿಗೆ ಹಿಡಿದು, ಈಗಷ್ಟೇ ಎದ್ದಿದ್ದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಬರೂ ಅಮಾಸಿಗೆ ಅವ್ವ ನಮ್ಮ ಕಡೆ ಬರತಾಳ. ಅಷ್ಟರಾಗ ಫರಸಿ ಆಗಬೇಕ ನೋಡ ಮಿಸ್ತ್ರಿ," ಎಂದರು ಬಾಳಪ್ಪ. "ಆ ಬೀಡಿನ ಪೈಪ ಕಿತ್ತ ಒಗಿ. ಅಪ್ಪನ ಕಾಲದ್ದು, ಸತ್ತ ಹೋಗೇತಿ."

ನಾನು ಹಾಗೆಲ್ಲ ಪೈಪನ್ನು ನಂಬುವವನಲ್ಲ. ನನಗೆ ಸಿಮೆಂಟಿನ ಮಾಲು ಕಲಸಿ ಕೊಡುವವಳು ನನ್ನ ಹೆಂಡತಿ ಶಾಂತಾ. ಅವಳನ್ನು ಒಳಗೆ ಕಳಿಸಿ ಅಡುಗೆಮನೆಯಲ್ಲಿ ಒಂದು ಕೊಡ, ಬಚ್ಚಲಲ್ಲಿ ಒಂದು ಕೊಡ ನೀರು ಹೊಯ್ಯಿಸಿದೆ. ಸಿಮೆಂಟ್ ಪೈಪು ಎರಡೂ ಹರಿದವು. ಬೀಡಿನದರಲ್ಲಿ ಹನಿ ಇಲ್ಲ. ಆದರೂ ನಮ್ಮ ಪದ್ಧತಿಯಂತೆ ಗಟಾರದ ಬದಿಯ ಅದರ ಬಾಯಿಗೆ ಗೋಣಿಚೀಲ ತುರುಕಿ ಬಿಟ್ಟೆ. ಮರುದಿನ ಗೋಣಿ ಒಣಗಿದ್ದರೆ ಪೈಪು ಸತ್ತದ್ದು ಖರೆ.

ಬೆಳಿಗ್ಗೆ ಬಂದು ನೋಡಿದರೆ ಗೋಣಿ ತೊಯ್ದು ಹನಿಯುತ್ತಿದೆ. ಮುಟ್ಟಿದೆ, ಬಿಸಿ! ಮೂಸಿದೆ, ಸೀಗೆಕಾಯಿ ವಾಸನೆ! ಓಡಿಹೋಗಿ ಬಾಳಪ್ಪನವರ ಬಚ್ಚಲು ನೋಡಿದರೆ ಒಣ ಒಣ, ಯಾರೂ ಇನ್ನೂ ಸ್ನಾನ ಮಾಡಿಲ್ಲ. ಒಣ ಬಚ್ಚಲಿನಿಂದ ಬಿಸಿನೀರು ಹೇಗೆ ಬರುತ್ತದೆ? ತಲೆ ಗಿರ್ ಅಂದಿತು.

"ತಲಿ ಕೆರಕೊಂಡ ನಿಂತ್ರ ನೀರ ತಾವಾಗೇ ಹೇಳ್ತಾವೇನ?" ಎಂದಳು ಶಾಂತಾ. "ಆ ಬಾಜೂ ಮನ್ಯಾಗ ಕೇಳ್ರಿ."

"ಹೆಂಗ ಕೇಳೂದ? ಅವರವರಾಗ ಮಾತಿಲ್ಲ."

"ಅವರಾಗ ಇಲ್ಲ. ನಿಮಗೇನ ದಾಡಿ?"

ಅವಳಿಗೆ ನಗು. ಆದರೆ ನಮ್ಮ ಕಡೆ ರಿವಾಜೇ ಹಾಗೆ. ಒಂದು ಮನೆಯ ಕೆಲಸ ಹಿಡಿದ ಗೌಂಡಿ, ಅವರು ಮಾತು ಬಿಟ್ಟ ಮನೆಯತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿಯೇ ಗೋಡೆಯ ಆಚೆ ನೀರು ಹೊಯ್ದು ನೋಡುವ ವಿಚಾರ ಬಾಳಪ್ಪನವರಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ಅಷ್ಟರಲ್ಲಿ ರಾಯಪ್ಪನ ಬಚ್ಚಲಿನಿಂದ ಗಂಗವ್ವನ ದನಿ ಬಂತು: "ಏ ಸೊಸೀ, ನೀರ ಹೋಗವಲ್ಲವು ಬೇ! ಪಾದ ಮುಳಗ್ಯಾವ. ಜಾರಾಕತ್ತೇನಿ, ಕೈ ಕೊಡ ಬಾ!"

ಬಾಳಪ್ಪನವರು ಹಿತ್ತಲಿಗೆ ಓಡಿಬಂದರು. ನಾನು ಗೋಣಿ ಕಿತ್ತೆಸೆದೆ. ತಡೆದಿದ್ದ ಆ ಬಚ್ಚಲ ನೀರೆಲ್ಲ ಭರ್ರನೆ ಬಂದು ನನ್ನ ಧೋತರ ತೋಯಿಸಿತು.

ಪೈಪು ಇದ್ದರೆ ತಾಯಿ ಹಿತ್ತಲಲ್ಲಿ ಬೀಳುತ್ತಾರೆ, ಇಲ್ಲದಿದ್ದರೆ ಬಚ್ಚಲಲ್ಲಿ ಬೀಳುತ್ತಾರೆ. ನೆಲದೊಳಗೆ ಇಳಿಸೋಣ ಎಂದರೆ ಅದು ಸೇರುವಲ್ಲಿ ಗಟಾರ ಎತ್ತರ, ನೀರು ತಿರುಗಿ ಬರುತ್ತದೆ. ಹಿತ್ತಲನ್ನೇ ಎತ್ತರಿಸಿ ಮುಚ್ಚೋಣ ಎಂದರೆ ಮಳೆನೀರು ಹೊಸ್ತಿಲು ದಾಟಿ ಒಳಗೆ. ಮಧ್ಯಾಹ್ನದ ತನಕ ರೊಟ್ಟಿಯ ಗಂಟು ಬಿಚ್ಚದೆ ಕೂತೆ. ಕಡೆಗೆ ಒಂದೇ ದಾರಿ ಕಂಡಿತು. ಪೈಪು ಇದ್ದಲ್ಲೇ ಇರಲಿ. ಎರಡೂ ಹೊಸ್ತಿಲಿನಿಂದ ಫರಸಿಯನ್ನು ಸಾವಕಾಶ ಏರಿಸುತ್ತ ಬಂದು, ಅದರ ಮೇಲೆ ಕೂಡಿಸಬೇಕು, ಮಳೆನೀರು ಗಟಾರದತ್ತ ಹರಿಯುವಂತೆ ಇಳಿಜಾರು ಬಿಡಬೇಕು.

"ನಿಮ್ಮ ಕಡೆಯಿಂದ ಅಷ್ಟ ಹಾಕಿದ್ರ ನಡಿಯೂದಿಲ್ರಿ," ಎಂದೆ. "ಸ್ಲೋಪ ಅವರ ಹೊಸ್ತಲದಿಂದನೂ ಬರಬೇಕು."

ಬಾಳಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದರು. ಹೋಗಿ ತಮ್ಮನ ಹಿಂಬಾಗಿಲು ತಟ್ಟಿದರು. ರಾಯಪ್ಪ ತೆರೆದ. ನಾನೇ ವಿಷಯ ಹೇಳಿದೆ. ಅವನು ನನ್ನ ಕೈಯಿಂದ ಲೆವಲ್ ಪೈಪಿನ ತುದಿ ಇಸಿದುಕೊಂಡ. ಅದು ನೀರು ತುಂಬಿದ ಉದ್ದನೆಯ ನಳಿಕೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ತುದಿ ಹಿಡಿದವರು ನೀರು ನಿಂತಿತೆಂದು ಕೂಗಿ ಹೇಳದಿದ್ದರೆ ಗುರುತು ಹಾಕಲು ಬರುವುದಿಲ್ಲ. ಇನ್ನೊಂದು ತುದಿ ಬಾಳಪ್ಪನವರ ಕೈಯಲ್ಲಿತ್ತು.

ನೀರು ಎರಡೂ ಕಡೆ ತುಯ್ದಾಡಿತು. ಯಾರೂ ಕೂಗಲಿಲ್ಲ. ನಾನು ನಡುವೆ ಸೀಮೆಸುಣ್ಣ ಹಿಡಿದು ಆಚೆ ಈಚೆ ನೋಡಿದೆ.

"ನಿಂತಾವೇನ?" ಎಂದರು ಬಾಳಪ್ಪ, ಗೋಡೆ ನೋಡುತ್ತ.

"ನಿನ್ನ ತುದಿ ಅಲಗಾಡಾಕತ್ತೇತಿ," ಎಂದ ರಾಯಪ್ಪ. "ಗಟ್ಟಿ ಹಿಡಿಯೋ ಅಣ್ಣಾ, ಅಂದ್ರ ನಿಲ್ತಾವ."

ಫರಸಿ ಮುಗಿದ ಮೇಲೆ, ಅಮಾವಾಸ್ಯೆಯ ದಿನ ಗಂಗವ್ವ ಗಂಟು ಹಿಡಿದು ಹೊರಟರು. ಕೆಳಗೆ ಪೈಪು ಇದೆ ಎಂಬುದೇ ಪಾದಕ್ಕೆ ತಿಳಿಯಲಿಲ್ಲ. ಏರು ಮುಗಿಯುವಲ್ಲಿ ನಿಂತು ಎರಡೂ ಬಾಗಿಲು ನೋಡಿ, "ಈಗ ನಾ ಯಾರ ಮನ್ಯಾಗ ಅದೀನ್ರೋ?" ಎಂದರು.

ಮಕ್ಕಳಿಬ್ಬರೂ ಬಗ್ಗಿ ಫರಸಿಯಲ್ಲಿ ಗೆರೆ ಹುಡುಕಿದರು.

"ಗೊತ್ತಿಲ್ಲಲ್ಲ? ಹಂಗಾದ್ರ ಇಲ್ಲೇ ಕುಂದರತೀನಿ. ಚಾ ತರ್ರಿ."

ಎರಡೂ ಮನೆಯಿಂದ ಚಹಾ ಬಂತು. ಅವರಿಗೂ ಎರಡು ಕಪ್ಪು, ನಮಗೂ ಎರಡೆರಡು.

ರಾಯಪ್ಪನ ಬಚ್ಚಲು ಗೋಡೆಯಡಿ ಹಾಯ್ದು ಆ ಪೈಪನ್ನು ಹೇಗೆ ಸೇರಿತ್ತೋ, ಯಾರು ಸೇರಿಸಿದ್ದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಕಲಿತದ್ದು ಇಷ್ಟು: ನೀರಿಗೆ ವಾಟ್ನಿ ಗೊತ್ತಿಲ್ಲ. ಆಮೇಲೆ ಯಾವ ಅಂಗಳಕ್ಕೆ ಹೋದರೂ ಮೊದಲು ಆಚೆ ಮನೆಯ ಬಾಗಿಲು ತಟ್ಟಿದೆ, ಆಮೇಲೆ ಗುದ್ದಲಿ ಹಿಡಿದೆ.