ಆರು ಕಂಬಳಿಗಳ ತೂಕ

ಯುದ್ಧದ ಕಾಲ. ರಾಯದುರ್ಗದಲ್ಲಿ ಸೈನ್ಯಕ್ಕೆ ಕಂಬಳಿ ಕೊಳ್ಳುವ ಗೋದಾಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ಮದರಾಸಿನಲ್ಲಿ ಗಣಿತ ಓದಿದ್ದೆ, ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದ್ದೆ. ಎರಡನ್ನೂ ಯಾರಿಂದಲೂ ಮುಚ್ಚಿಟ್ಟವನಲ್ಲ.

ಕಂಬಳಿಗಳ ತೂಕದಲ್ಲಿ ಏರುಪೇರು ಹೆಚ್ಚಿರಬಾರದೆಂದು ನಿಯಮವಿತ್ತು. ಆ ಏರುಪೇರಿನ ಅಳತೆಯೇ ವೇರಿಯನ್ಸ್. ಒಂದೊಂದು ತೂಕವೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ. ಅದು ಇಂತಿಷ್ಟನ್ನು ಮೀರಬಾರದೆಂದು ಮಿತಿ ಹಾಕಿದ್ದರು.

ಒಂದು ಬೆಳಿಗ್ಗೆ ಗುಮ್ಮಘಟ್ಟದ ಕಡೆಯ ನೇಕಾರರು ಗಾಡಿಗಳಲ್ಲಿ ಮಾಲು ತಂದರು. ಬಳ್ಳಾರಿಯಿಂದ ಬಂದಿದ್ದ ಇನ್ಸ್‌ಪೆಕ್ಟರು ಮುಂದಿನ ಗಾಡಿಯಿಂದ ಆರು ಕಂಬಳಿ ಎಳೆಸಿ ತೂಗಿಸಿದರು. ವೇರಿಯನ್ಸ್ ಮಿತಿಗಿಂತ ತುಸು ಮೇಲೆ ಬಂತು.

"ಅಷ್ಟೂ ಮಾಲು ವಾಪಸ್. ರಿಪೋರ್ಟ್ ಬರದು ಸಹಿ ಹಾಕ್ರಿ" ಎಂದರು.

ಗಾಡಿಯ ಪಕ್ಕ ನಿಂತಿದ್ದ ಮುದುಕಿ ನನ್ನನ್ನು ಕೇಳಿದಳು: "ಯಾಕ ಬ್ಯಾಡಂತಾರ ತಮ್ಮಾ? ವರ್ಷಾನುಗಟ್ಲೆ ನೇಯ್ದ ಕೈ ಇವು."

ನನಗೆ ಮೈ ಉರಿಯಿತು. ಲೇಖನಿ ಕೆಳಗಿಟ್ಟೆ. "ಸಹಿ ಹಾಕಂಗಿಲ್ರಿ."

"ಯಾಕ?"

"ಆರು ಕಂಬಳಿ ನೋಡಿ ಅಷ್ಟೂ ಮಾಲಿನ ಬಗ್ಗೆ ಹೇಳಾಕ ಆಗಂಗಿಲ್ರಿ."

ತೂಗಿದ ಕೆಲವು ಕಂಬಳಿಗಳಿಂದ ಇಡೀ ಮಾಲಿನ ವೇರಿಯನ್ಸ್ ಊಹಿಸಲು ಬೇಕಾದ, ಕಾಲೇಜಿನಿಂದ ತಂದಿದ್ದ ಕೈ-ಸ್ಕ್ವೇರ್ (chi-square) ಕೋಷ್ಟಕ ಬಿಚ್ಚಿ ಅವರ ಮುಂದೆ ಹರಡಿದೆ. ತೂಗಿದ ಸಂಖ್ಯೆಗಿಂತ ಒಂದು ಕಡಿಮೆಯ ಸಾಲು ನೋಡುವುದು ಅದರ ಕ್ರಮ; ಆರು ಕಂಬಳಿ ಎಂದರೆ ಐದರ ಸಾಲು. ನಮಗೆ ಸಿಕ್ಕ ವೇರಿಯನ್ಸನ್ನು ಐದರಿಂದ ಗುಣಿಸಿ, ನೂರಕ್ಕೆ ತೊಂಬತ್ತೈದರ ಭರವಸೆಗೆಂದು ಆ ಸಾಲಿನಲ್ಲಿ ಕೊಟ್ಟ ಎರಡು ತುದಿಯ ಅಂಕಿಗಳಿಂದ ಬೇರೆಬೇರೆಯಾಗಿ ಭಾಗಿಸಿ ತೋರಿಸಿದೆ. ಇಡೀ ಮಾಲಿನ ನಿಜವಾದ ವೇರಿಯನ್ಸ್ ನಮಗೆ ಸಿಕ್ಕಿದ್ದರ ಅರ್ಧಕ್ಕಿಂತ ಕಡಿಮೆಯೂ ಇರಬಹುದು, ಆರು ಪಟ್ಟೂ ಇರಬಹುದು. ಸರ್ಕಾರದ ಮಿತಿ ಆ ಎರಡರ ನಡುವೆಯೇ ಕೂತಿತ್ತು.

"ನಿಮ್ಮ ಜನ ಅಂತ ಲೆಕ್ಕ ತಿರುಗಸ್ತೀರೇನು?"

"ನಮ್ಮ ಜನಾನೇ ಹೌದ್ರಿ. ಆದ್ರ ಈ ಕೋಷ್ಟಕ ನಮ್ಮ ಮನ್ಯಾಗ ನೇಯ್ದದ್ದಲ್ಲ. ಎಲ್ಲಾ ಗಾಡಿಯಿಂದಾನೂ ತಗದು ಇನ್ನಷ್ಟು ತೂಗ್ರಿ. ಮಾಲು ಕೆಟ್ಟದ್ದು ಅಂತ ಬಂದ್ರ ನಾನೇ ವಾಪಸ್ ಅಂತ ಬರೀತೀನಿ."

"ಮ್ಯಾಲಿನವ್ರಿಗೆ ಬರೀಬೇಕಾಗತೈತಿ."

"ಬರೀರಿ. ನನ್ನ ಲೆಕ್ಕಾನೂ ಜೊತಿಗೆ ಕಳಸ್ರಿ."

ಲೆಕ್ಕ ಮೇಲೆ ಹೋಗುವುದು ಅವರಿಗೆ ಬೇಕಿರಲಿಲ್ಲ. ಮತ್ತೆ ತಕ್ಕಡಿ ಕಟ್ಟಿಸಿದರು. ಎಲ್ಲ ಗಾಡಿಗಳಿಂದ ಮೂವತ್ತು ಕಂಬಳಿ ಇಳಿದವು. ತೂಗಿದ ಕಂಬಳಿ ಹೆಚ್ಚಿದಷ್ಟೂ ನಮ್ಮ ಊಹೆಯ ಎರಡು ತುದಿಗಳ ನಡುವಿನ ಹರಹು ಕುಗ್ಗಿತು. ಈ ಸಲ ಅದರ ಮೇಲಿನ ತುದಿಯೂ ಮಿತಿಯ ಒಳಗೇ ಬಂತು. ಇನ್ಸ್‌ಪೆಕ್ಟರು ನನ್ನ ಮುಖ ನೋಡದೆ ಮಾಲು ಒಪ್ಪಿಕೊಂಡರು.

ಸ್ವಲ್ಪ ದಿನಕ್ಕೇ ನನಗೆ ಮಡಕಶಿರಕ್ಕೆ ವರ್ಗವಾಯಿತು. ಹೋಗಿ ಇನ್ಸ್‌ಪೆಕ್ಟರ ಕ್ಷಮೆ ಕೇಳು, ವರ್ಗ ರದ್ದಾಗುತ್ತದೆ ಎಂದು ಹಿತೈಷಿಗಳು ಹೇಳಿದರು. ಯಾವುದಕ್ಕೆ ಕ್ಷಮೆ? ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ. ಅಲ್ಲಿನ ಹೆಡ್ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹೇಬ್ರ ಎದುರಿಗೆ ವಾದ ಮಾಡ್ದೋನು ನೀನೇನಪ್ಪಾ?" ಎಂದರು.

"ಹೌದ್ರಿ" ಎಂದೆ, "ಇಲ್ಲೂ ಮಾಡ್ತೀನಿ."